ಮುತ್ತುರಾಜನ ಎಡೆ

"ಅಣ್ಣ ಕುಡೀತಿದ್ದದ್ದು ಇದನ್ನೇ ಕಣವ್ವ. ನಾಕ್ ಅಂಗಡಿ ಸುತ್ತಿ ಹುಡುಕ್ಕಂಡ್ ತಂದಿವ್ನಿ," ಎಂದು ಜುಂಜಪ್ಪ ಅಂಗಿಯೊಳಗಿಂದ ಬ್ರಾಂದಿ ಬಾಟಲಿ ತೆಗೆದು, ಗೋಡೆಗೆ ಒರಗಿಸಿದ್ದ ಫೋಟೋದ ಮುಂದೆ ಇಟ್ಟ. ಒಳಗೆ ಒಲೆಯ ಮುಂದೆ ಕುರಿಕರುಳಿನ ಬೋಟಿ ಗೊಜ್ಜು ತಿರುವುತ್ತಿದ್ದ ರಾಧಾಮಣಿಗೆ ಅದು ಬಾಗಿಲಿನಿಂದಲೇ ಕಂಡಿತು. ಅವಳ ಸೌಟು ಪಾತ್ರೆಯಲ್ಲೇ ನಿಂತಿತು.

"ತಳ ಹತ್ತುತ್ತೆ ತಿರುವಕ್ಕ," ಎಂದಳು ಪಕ್ಕದಲ್ಲಿ ಮುದ್ದೆ ಕಟ್ಟುತ್ತಿದ್ದ ಜಗದಾಂಬ, ಜುಂಜಪ್ಪನ ಹೆಂಡತಿ. ರಾಧಾಮಣಿ ತಿರುವಿದಳು.

ಫೋಟೋದಲ್ಲಿದ್ದವನು ಮುತ್ತುರಾಜು. ರಾಧಾಮಣಿಯ ಗಂಡ, ಜುಂಜಪ್ಪನ ಅಣ್ಣ, ಮಧುಗಿರಿ ಪಾವಗಡದ ದಾರಿಯಲ್ಲಿ ಅರ್ಧ ಆಯುಷ್ಯ ಟಿಕೆಟ್ ಹರಿದ ಬಸ್ ಕಂಡಕ್ಟರು. ಹೋದ ವರ್ಷ ಆಷಾಢದಲ್ಲಿ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಆಗಿನ ಪಕ್ಷದ ಹಬ್ಬಕ್ಕೆ ಅವನಿಗಿನ್ನೂ ವರ್ಷ ತುಂಬಿರಲಿಲ್ಲವಾದ್ದರಿಂದ ಎಡೆ ಇಟ್ಟಿರಲಿಲ್ಲ. ಈ ಸಲ ಹಿರಿಯರ ಸಾಲಿಗೆ ಸೇರುತ್ತಿದ್ದಾನೆ. ಅದಕ್ಕೇ ಮಧುಗಿರಿಯಲ್ಲಿ ಬಾಡಿಗೆ ಮನೆಯಲ್ಲಿರುವ ರಾಧಾಮಣಿ ಬೆಳಗಿನ ಮೊದಲ ಬಸ್ಸಿಗೇ ಈ ಊರಿಗೆ, ಅತ್ತೆ ಪೆದ್ದಮ್ಮ ಮತ್ತು ಮೈದುನ ಇರುವ ಮೂಲಮನೆಗೆ ಬಂದಿದ್ದಳು.

ಸತ್ತವರಿಗೆ ಎಡೆ ಇಡುವುದರಲ್ಲಿ ಈ ಮನೆಯದೊಂದು ಕಟ್ಟಳೆಯಿದೆ. ಮೊದಲ ವರ್ಷ ಏನು ಇಟ್ಟರೋ ಪ್ರತಿ ವರ್ಷವೂ ಅದನ್ನೇ ಇಡಬೇಕು. ಆಮೇಲೆ ಸೇರಿಸುವಂತಿಲ್ಲ, ತೆಗೆಯುವಂತಿಲ್ಲ. ಮಾವ ದೊಡ್ಡರಂಗಯ್ಯನಿಗೆ ತಲೆಮಾಂಸ ಮತ್ತು ಬೀಡಿ ಕಟ್ಟು. ಮಾವನ ಅವ್ವನಿಗೆ ಎಲೆಅಡಿಕೆ, ಹಸಿ ಈರುಳ್ಳಿ. ಮಾವನ ಚಿಕ್ಕಪ್ಪ ಪರ್ವತಯ್ಯನ ಕಥೆ ಮಾತ್ರ ಯಾರಿಗೂ ಬೇಡ. ಜೀವಮಾನದಲ್ಲಿ ನಶ್ಯ ಮುಟ್ಟದ ಮನುಷ್ಯ ಅವನು. ಮೊದಲ ವರ್ಷದ ಗಡಿಬಿಡಿಯಲ್ಲಿ ಯಾರೋ ಇನ್ಯಾರದೋ ನಶ್ಯದ ಡಬ್ಬಿಯನ್ನು ಅವನ ಎಲೆ ಪಕ್ಕ ಇಟ್ಟುಬಿಟ್ಟರು. ಅಲ್ಲಿಗೆ ಮುಗಿಯಿತು. ಇವತ್ತಿಗೂ ಪ್ರತಿ ಪಕ್ಷಕ್ಕೆ ಪರ್ವತಯ್ಯನಿಗೆ ಹೊಸ ನಶ್ಯದ ಡಬ್ಬಿ. ಪಾಪ, ಮೇಲೆ ವರ್ಷವಿಡೀ ಸೀನುತ್ತ ಕೂತಿರಬೇಕು. ಕೇಳುವವರು ಯಾರು?

ಹಾಗಾಗಿ ಇವತ್ತು ಮುತ್ತುರಾಜನ ಎಲೆಯ ಪಕ್ಕ ಬ್ರಾಂದಿ ಕೂತರೆ ಇನ್ನು ಮುಂದೆಲ್ಲ ಬ್ರಾಂದಿಯೇ. ರಾಧಾಮಣಿ ಸತ್ತ ಮೇಲೂ, ಜುಂಜಪ್ಪನ ಮಕ್ಕಳ ಕಾಲಕ್ಕೂ. ಮುತ್ತುರಾಜನಿಗೋ ಕೊನೆಕೊನೆಗೆ ಬ್ರಾಂದಿಯ ವಾಸನೆಯೇ ಆಗುತ್ತಿರಲಿಲ್ಲ. ಅದು ಗೊತ್ತಿದ್ದವಳು ಈ ಭೂಮಿಯ ಮೇಲೆ ಅವಳೊಬ್ಬಳೇ. ಅವನಿಗೆ ಇಷ್ಟವಾದದ್ದು ಅವಳ ಕೈಚೀಲದಲ್ಲಿ, ಸೀರೆಯ ಮಡಿಕೆಯೊಳಗೆ ಇತ್ತು: ಒಂದು ಬಾಟಲಿ ಕೆಂಪು ವೈನು. ತೆಗೆದು ಇಟ್ಟರಾಯಿತಲ್ಲ, ಅದೇನು ಕಷ್ಟ ಅನ್ನಬಹುದು. ಕಷ್ಟ ಇತ್ತು.

ಮುತ್ತುರಾಜು ಒಂದು ಕಾಲಕ್ಕೆ ಚೆನ್ನಾಗಿಯೇ ಕುಡಿಯುತ್ತಿದ್ದ. ಅಣ್ಣತಮ್ಮಂದಿರು ಸೇರಿಕೊಂಡೇ ಕುಡಿಯುತ್ತಿದ್ದರು. ತಮ್ಮನಿಗೆ ಲೋಟ ಹಿಡಿಯುವುದನ್ನು ಕಲಿಸಿದವನೂ ಅವನೇ. ಆಮೇಲೆ ಒಂದು ದಿನ ಇದ್ದಕ್ಕಿದ್ದ ಹಾಗೆ, "ಬಿಟ್ಬುಟ್ಟೆ ಕಣ್ಲಾ," ಎಂದುಬಿಟ್ಟ. ಊರೇ ಬೆರಗಾಯಿತು. ಎಂಥ ಹೆಂಗಸಿರಬೇಕು ಹೆಂಡತಿ! ಅಂಗನವಾಡಿ ಟೀಚರ್ ಬೇರೆ. ಊರಿನ ಸ್ತ್ರೀಶಕ್ತಿ ಸಂಘಕ್ಕೆ ಜಗದಾಂಬಳೇ ಅಧ್ಯಕ್ಷೆ. ಸಂಘದವರು ರಾಧಾಮಣಿಯನ್ನು ಕರೆಸಿ, ಹಾರ ಹಾಕಿ, ಶಾಲು ಹೊದಿಸಿ, ಗಂಡನ ಕುಡಿತ ಬಿಡಿಸಿದ ಮಹಾತಾಯಿ ಎಂದು ಮೈಕಿನಲ್ಲಿ ಹೊಗಳಿದರು. ರಾಧಾಮಣಿ ತಲೆ ತಗ್ಗಿಸಿ ಕೂತಿದ್ದಳು. ಎಷ್ಟು ವಿನಯ ನೋಡಿ ಅಂದುಕೊಂಡರು ಎಲ್ಲರೂ. ಅವಳ ಕಣ್ಣ ಮುಂದಿದ್ದದ್ದು ಮನೆಯಲ್ಲಿ ರಾಗಿ ಡ್ರಮ್ಮಿನ ಹಿಂದೆ ಇಟ್ಟು ಬಂದ ಬಾಟಲಿ. ಅದರಲ್ಲಿನ್ನೂ ಅರ್ಧ ಉಳಿದಿತ್ತು.

ಅವತ್ತಿನಿಂದ ಕುಡುಕರ ಹೆಂಡಿರು ಮಧುಗಿರಿಯ ತನಕ ಬಂದು, "ಅದೇನ್ ಮದ್ದು ಹಾಕ್ದೆ ನಮಗೂ ಹೇಳಕ್ಕ," ಎಂದು ಕಣ್ಣೀರಿಡತೊಡಗಿದರು. "ನಾನೇನ್ ಮಾಡಿಲ್ಲ ಕಣಮ್ಮ, ಎಲ್ಲಾ ದೇವ್ರು ನೋಡ್ಕಂಡ," ಎಂದು ಕಾಫಿ ಕೊಟ್ಟು ಕಳಿಸುತ್ತಿದ್ದಳು. ಅವರು ಬಸ್ಸು ಹತ್ತಿದ ಮೇಲೆ ತನ್ನ ಮೇಲೇ ಹೇಸಿಗೆಪಡುತ್ತಿದ್ದಳು.

ನಿಜವಾಗಿ ನಡೆದದ್ದು ಇಷ್ಟೇ. ಒಂದು ಭಾನುವಾರ ಮಧ್ಯಾಹ್ನ ಮುತ್ತುರಾಜು ಮನೆಯಲ್ಲೇ ಬ್ರಾಂದಿ ಬಿಚ್ಚಿ ಕೂತಿದ್ದ. ಬೈದು ಬೈದು ರಾಧಾಮಣಿಗೆ ಸಾಕಾಗಿತ್ತು. ಎದುರಿಗೆ ಬಂದು ಚಕ್ಕಳಮಕ್ಕಳ ಹಾಕಿ ಕೂತು, "ನಂಗೂ ಹಾಕಿ. ಅದ್ರಲ್ಲಿ ಏನೈತೆ ಅಂತ ನಾನೂ ನೋಡೇಬುಡ್ತೀನಿ," ಎಂದು ಲೋಟ ಚಾಚಿದಳು. ಅವನು ನಗುತ್ತ ಹಾಕಿದ. ಒಂದೇ ಗುಟುಕಿಗೆ ಅವಳ ಕಣ್ಣು ಮೂಗಲ್ಲೆಲ್ಲ ನೀರು. "ಥೂ! ಇದಕ್ಕಾಗಿ ನನ್ ಬುಟ್ಟು ಹೋಗ್ತಿದ್ರಾ ನೀವು?" ಎಂದಳು. ಅವನ ನಗು ನಿಂತಿತು. ಮುಂದಿನ ಭಾನುವಾರ ಅವನು ತಂದದ್ದು ವೈನು.

ಶಿರಾದಲ್ಲಿ ತಂದದ್ದು. ಹೆಸರಿಗೆ ಅದು ವೈನ್ ಶಾಪು, ಅಲ್ಲಿ ಹೋಗಿ ವೈನ್ ಕೇಳಿದವರು ಹುಟ್ಟಿರಲಿಲ್ಲ. ಕೌಂಟರಿನಲ್ಲಿದ್ದವನು, "ಕ್ಯಾ ಕಂಡಕ್ಟರ್ ಸಾಬ್, ಕೇಕ್ ಮಾಡ್ಸಾಕಾ?" ಎಂದು ಕೇಳಿ, ಮೇಲಿನ ಹಲಗೆಯಿಂದ ಬಾಟಲಿ ಇಳಿಸಿ, ಧೂಳು ಒರೆಸಿ ಕೊಟ್ಟನಂತೆ. ಅದು ಸಿಹಿ ಕೆಂಪು. ಇಬ್ಬರೂ ರುಚಿ ನೋಡಿ, ಕೆಮ್ಮಿನ ಔಷಧಿ ಎಂದು ಮುಖ ಕಿವುಚಿದರು. ದುಡ್ಡು ಕೊಟ್ಟದ್ದನ್ನು ಚೆಲ್ಲಲು ಮನಸ್ಸಾಗಲಿಲ್ಲ. ರಾಗಿ ರೊಟ್ಟಿಗೆ ಕೆಂಪು ಮೆಣಸಿನಕಾಯಿ ಚಟ್ನಿ ನೆಂಚಿಕೊಂಡು ತಿನ್ನುತ್ತಿದ್ದ ರಾಧಾಮಣಿ ಖಾರ ತಾಳಲಾರದೆ ಅದನ್ನೇ ಒಂದು ಗುಟುಕು ಕುಡಿದಳು. ಕುಡಿದು ಕಣ್ಣರಳಿಸಿದಳು. "ರೀ, ಚಟ್ನಿ ತಿಂದು ಕುಡೀರಿ. ಬೇರೇನೇ ಆಗೋಯ್ತು ಇದು," ಎಂದಳು. ಖಾರದ ಬೆನ್ನಿಗೆ ಆ ಸಿಹಿ ಬೆಲ್ಲದ ಹಾಗೆ ತಣ್ಣಗೆ ಇಳಿಯಿತು. ಅವರ ಹುಚ್ಚು ಶುರುವಾದದ್ದು ಅಲ್ಲಿಂದ.

ದುಬಾರಿ ಬಾಟಲಿಯ ಗೋಜಿಗೆ ಅವರು ಹೋಗಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಗಾದೆಯೇ ಇದೆ. ಶಿರಾ, ಪಾವಗಡ, ಕೊರಟಗೆರೆ, ಹೋದ ಊರಿನಲ್ಲೆಲ್ಲ ಅವನು ಮೇಲಿನ ಹಲಗೆಯ ಧೂಳು ಹಿಡಿದ ಅಗ್ಗದ ಬಾಟಲಿಗಳನ್ನು ಹುಡುಕಿದ. ಯಾವುದಕ್ಕೆ ಯಾವ ಅಡುಗೆ ಎಂದು ಹೇಳಿಕೊಡುವವರಿರಲಿಲ್ಲ. ತಿಂದು, ಕುಡಿದು, ಕೆಡಿಸಿಕೊಂಡೇ ಕಲಿತರು. ಬಿಳಿಯದು ಮಾವಿನಕಾಯಿ ಹುಳಿ. ಫ್ರಿಜ್ಜಿನಲ್ಲಿಟ್ಟು, ವೈ.ಎನ್.ಹೊಸಕೋಟೆಯ ಹಸಿ ಕಡಲೆಕಾಯಿಯನ್ನು ಉಪ್ಪು ಹಾಕಿ ಬೇಯಿಸಿ ಜೊತೆಗೆ ತಿಂದರೆ ನಾಲಿಗೆ ಚುರುಕಾಗುತ್ತಿತ್ತು. ಕೆರೆಮೀನು ಹುರಿದ ದಿನವೂ ಬಿಳಿಯದೇ ಸರಿ. ನಾಟಿಕೋಳಿ ಸಾರಿನ ಮುಂದೆ ಮಾತ್ರ ಅದು ಉಸಿರೆತ್ತದೆ ಸತ್ತುಹೋಯಿತು. ಸಿಹಿಯಿಲ್ಲದ ಕೆಂಪನ್ನು ಸೊಪ್ಪಿನ ಬಸ್ಸಾರಿನ ಜೊತೆ ಕುಡಿದ ದಿನ ಮುತ್ತುರಾಜು, "ಬಸ್ಸಿನ ಕಂಬಿ ನೆಕ್ಕಿದಂಗಾಯ್ತು ಕಣೇ," ಎಂದು ಎದ್ದು ಬಾಯಿ ತೊಳೆದು ಬಂದ. ಸ್ಟೀಲ್ ಲೋಟದಲ್ಲಿ ರುಚಿ ಕೆಡುತ್ತದೆ ಎಂದು ಕಂಡುಕೊಂಡವಳು ರಾಧಾಮಣಿ. ಆಮೇಲೆ ಗಾಜಿನ ಟೀ ಲೋಟಗಳು ಬಂದವು.

ಅದೇ ಸಿಹಿಯಿಲ್ಲದ ಕೆಂಪು, ನೇರಳೆಹಣ್ಣಿನ ಸಿಪ್ಪೆ ಜಗಿದ ಹಾಗೆ ನಾಲಿಗೆ ಹಿಡಿಯುವ ಒಗರಿನದು, ಬೋಟಿ ಗೊಜ್ಜಿನ ಜೊತೆ ಬಂದ ಭಾನುವಾರ ಇಬ್ಬರೂ ಮಾತು ನಿಲ್ಲಿಸಿದರು. ಬೋಟಿಯ ಜಿಡ್ಡನ್ನು ವೈನು ತೊಳೆಯುತ್ತಿತ್ತು. ವೈನಿನ ಒಗರನ್ನು ಬೋಟಿ ಮೆತ್ತಗೆ ಮಾಡುತ್ತಿತ್ತು. "ಇವೆರಡೂ ಗಂಡ ಹೆಂಡ್ತಿ ಕಣೇ," ಎಂದ ಮುತ್ತುರಾಜು ಬೆರಳು ಚೀಪುತ್ತ.

"ಯಾವ್ದು ಹೆಂಡ್ತಿ?"

"ಒಗರಾಗಿರೋದು."

ಅವಳು ಗೊಜ್ಜಿನ ಕೈಯಲ್ಲೇ ಅವನ ತೊಡೆಗೆ ಬಾರಿಸಿದಳು. ಅವತ್ತಿನಿಂದ ಬೋಟಿ ತಂದರೆ ಕೆಂಪು, ಕೆಂಪು ತಂದರೆ ಬೋಟಿ.

ಕುಡಿದು ತೂರಾಡುವ ಬಾಬತ್ತಲ್ಲ ಅದು. ಊಟ ಮುಗಿಯುವ ತನಕ ಒಂದೊಂದು ಲೋಟ, ಅದಾದ ಮೇಲೆ ಅವಳು ಬಾಟಲಿ ಮುಟ್ಟಗೊಡುತ್ತಿರಲಿಲ್ಲ. ಮಾತು ಮಾತ್ರ ದೀಪ ಹಚ್ಚುವ ಹೊತ್ತಿನ ತನಕ. ಮದುವೆಯಾದಾಗಿನಿಂದ ಅವನು ಅವಳ ಜೊತೆ ಅಷ್ಟು ಮಾತಾಡಿದ್ದೇ ಇಲ್ಲ. ತಮಗೆ ಮಕ್ಕಳಾಗಲಿಲ್ಲ ಎಂಬ ಮಾತನ್ನು ಇಬ್ಬರೂ ಬಾಯಿಬಿಟ್ಟು ಆಡಿದ್ದು ಅಂಥದೊಂದು ಭಾನುವಾರ, ಬಿಳಿ ವೈನು ಮತ್ತು ಕಡಲೆಕಾಯಿಯ ಮುಂದೆ. ಆಡಿ, ಅತ್ತು, ಆಮೇಲೆ ಸಿಪ್ಪೆ ಗುಡಿಸಿದರು. ಸುಖ ಎಂದು ಜನ ಯಾವುದಕ್ಕೆ ಅನ್ನುತ್ತಾರೋ ಅದು ರಾಧಾಮಣಿಗೆ ಸಿಕ್ಕಿದ್ದು ಆ ಭಾನುವಾರಗಳಲ್ಲಿ.

ಈಗ ಚೀಲದಲ್ಲಿದ್ದ ಬಾಟಲಿ ಅವನು ಕೊನೆಯದಾಗಿ ಶಿರಾದಿಂದ ತಂದದ್ದು. "ಹೊಸಾದು ಕಣೇ. ಭಾನ್ವಾರ ಬೋಟಿ ತರ್ತೀನಿ, ನೋಡಣ," ಎಂದಿದ್ದ. ಭಾನುವಾರದ ಹೊತ್ತಿಗೆ ಅವನೇ ಇರಲಿಲ್ಲ.

ರಾಧಾಮಣಿ ಕೈ ಒರೆಸಿಕೊಂಡು ಪಡಸಾಲೆಗೆ ಬಂದಳು. ಗೋಡೆಯುದ್ದಕ್ಕೂ ಫೋಟೋಗಳು, ಅವುಗಳ ಮುಂದೆ ಬಾಳೆ ಎಲೆಗಳು. ಪೆದ್ದಮ್ಮ ಕಂಬಕ್ಕೆ ಒರಗಿ ಕೂತು ಯಾರಿಗೆ ಏನು ಎಂದು ಬೆರಳು ತೋರಿಸುತ್ತಿದ್ದಳು. ವೈ.ಎನ್.ಹೊಸಕೋಟೆ ಕಡೆಯಿಂದ ಈ ಮನೆಗೆ ಬಂದು ತಲೆ ನೆರೆತರೂ ಮುದುಕಿಯ ಮಾತಿನಲ್ಲಿ ತೆಲುಗು ಇನ್ನೂ ಹೋಗಿರಲಿಲ್ಲ.

"ಜುಂಜಪ್ಪ, ಬ್ರಾಂದಿ ಬ್ಯಾಡ ಕಣಪ್ಪ," ಎಂದಳು ರಾಧಾಮಣಿ. "ನಿಮ್ಮಣ್ಣ ಅದನ್ನ ಬಿಟ್ಟಿದ್ರಲ್ಲ."

"ಬದುಕಿದ್ದಾಗ ನಿನ್ ಭಯಕ್ಕೆ ಬಿಟ್ಟಿದ್ದ ಅತ್ಗೆ. ಈಗ್ಲಾದ್ರೂ ಕುಡೀಲಿ ಬುಡು. ಸತ್ತೋರ ಮೇಲೂ ನಿನ್ ಕಾಯಿದೆನಾ?"

ಅಡುಗೆಮನೆಯಿಂದ ಜಗದಾಂಬ ನಕ್ಕಳು. ಪೆದ್ದಮ್ಮನೂ ನಕ್ಕಳು. "ನಾ ಕೊಡುಕು ಇಷ್ಟ್ ವರ್ಷ ಬಾಯಿ ಕಟ್ಕಂಡಿದ್ದ. ಮಗನ ಆಸೆ ಮ್ಯಾಲೆ ಹೋದ್ ಮ್ಯಾಲಾದ್ರೂ ತೀರ್ಲಿ ಬುಡಮ್ಮಾ. ಏಮಾಯ್ತು?"

ಸಂಘದವರು ಹೊದಿಸಿದ್ದ ಶಾಲು ಈಗ ರಾಧಾಮಣಿಯ ಕೊರಳಿಗೇ ಬಿಗಿಯಿತು. ಏನು ಹೇಳಿದರೂ ಅದು ಕಟ್ಟುನಿಟ್ಟಿನ ಹೆಂಡತಿಯ ಮಾತಾಗುತ್ತದೆ. ಅವಳು ಮರಳಿ ಒಲೆಯ ಮುಂದೆ ಹೋಗಿ ಕೂತಳು. ಸುಮ್ಮನಿದ್ದರೆ ಎಲ್ಲ ಸಲೀಸು. ಪೂಜೆ ಮುಗಿಸಿ, ಉಂಡು, ಸಂಜೆ ಬಸ್ಸು ಹತ್ತಿದರೆ ಹೆಸರು ಹೆಸರಾಗಿಯೇ ಉಳಿಯುತ್ತದೆ. ಹೋದವರು ಬಂದು ದೂರು ಹೇಳುತ್ತಾರೆಯೇ? ಪರ್ವತಯ್ಯ ಹೇಳಿದ್ದಾನೆಯೇ? ಪರ್ವತಯ್ಯನ ನೆನಪಾದದ್ದೇ ತಡ, ಮುತ್ತುರಾಜು ಪ್ರತಿ ಪಕ್ಷದಲ್ಲೂ ಆ ನಶ್ಯದ ಡಬ್ಬಿ ನೋಡಿ ಅವಳ ಕಿವಿಯಲ್ಲಿ, "ನಂಗೂ ಇಂಥದ್ದೇ ಏನಾರ ಇಟ್ಟು ಕೈ ತೊಳ್ಕಂಡೀಯ, ಹುಷಾರು," ಎನ್ನುತ್ತಿದ್ದದ್ದು ನೆನಪಾಯಿತು. ಅವಳಿಗೆ ಅಳು ನುಗ್ಗಿ ಬಂತು. ಹೊಗೆಗೆ ಎಂಬಂತೆ ಮುಖ ತಿರುಗಿಸಿದಳು.

ಅಷ್ಟರಲ್ಲಿ ಪಡಸಾಲೆಯಲ್ಲಿ ಬ್ರಾಂದಿಯ ಮುಚ್ಚಳ ಕಟಕ್ಕೆಂದಿತು. ವಾಸನೆ ಅಡುಗೆಮನೆಯ ತನಕ ಬಂತು.

ರಾಧಾಮಣಿ ಎದ್ದಳು. ಗೂಟದಲ್ಲಿದ್ದ ಚೀಲ ಇಳಿಸಿ, ಸೀರೆಯ ಮಡಿಕೆ ಬಿಚ್ಚಿ, ಬಾಟಲಿ ಹಿಡಿದುಕೊಂಡು ಹೋಗಿ ಮುತ್ತುರಾಜನ ಎಲೆಯ ಪಕ್ಕ ಇಟ್ಟಳು. ಜುಂಜಪ್ಪ ಬ್ರಾಂದಿ ಬಗ್ಗಿಸುವುದನ್ನು ನಿಲ್ಲಿಸಿ ಅವಳ ಮುಖ ನೋಡಿದ.

"ನಿಮ್ಮಣ್ಣ ಬ್ರಾಂದಿ ಬಿಟ್ಟಿದ್ದು ನಿಜ. ಕುಡಿಯೋದು ಬಿಟ್ಟಿರ್ಲಿಲ್ಲ," ಎಂದಳು. "ಇದನ್ನ ಕುಡೀತಿದ್ರು. ವೈನು. ಇವತ್ತು ಇಡಾದಾದ್ರೆ ಇದನ್ನೇ ಇಡ್ಬೇಕು."

ಜುಂಜಪ್ಪ ಮೊದಲು ಕೇಳಿದ್ದು ಬೇರೆ ಏನನ್ನೂ ಅಲ್ಲ. "ಯಾರ್ ಜೊತೆ ಕುಡೀತಿದ್ದ?" ಎಂದ.

"ನನ್ ಜೊತೆ."

ಮುದ್ದೆಯ ಕೈಯಲ್ಲೇ ಓಡಿ ಬಂದಳು ಜಗದಾಂಬ. "ಯಾರ್ ಜೊತೆ ಅಂದೆ?"

"ನನ್ ಜೊತೆ ಕಣೆ ಜಗದಾಂಬ. ಭಾನ್ವಾರ ಭಾನ್ವಾರ. ಇಬ್ರೂ ಕೂತ್ಕಂಡು."

"ಅಯ್ಯೋ ನನ್ ಹಣೇಬರವೇ! ಶಾಲು ಹೊದಿಸಿದ್ನಲ್ಲಕ್ಕ ನಿಂಗೆ! ಮೈಕ್ ಹಿಡ್ದು ಊರಿಗೆಲ್ಲ ಸಾರಿದ್ನಲ್ಲ!"

"ಶಾಲು ಮನೇಲೈತೆ. ಕಳಿಸ್ತೀನಿ."

"ಶಾಲು ಯಾವೋಳಿಗ್ ಬೇಕು? ನಾಳೆ ಸಂಘದಾಗೆ ನಾನ್ ಯಾವ್ ಮುಖ ಇಟ್ಕಂಡು ಕೂತ್ಕಳ್ಳಲಿ? ಆ ಹೆಣ್ಮಕ್ಳು ನಿನ್ ಮನೆ ಬಾಗ್ಲಿಗ್ ಬಂದು ಅಳ್ತಿದ್ರಲ್ಲಕ್ಕ, ಅವರಿಗೇನ್ ಹೇಳಾದು?"

ಆ ಮಾತು ರಾಧಾಮಣಿಗೆ ನಾಟಿತು. "ನಿಜ ಹೇಳು. ತಪ್ಪಾಯ್ತು ಅವರಿಗೆಲ್ಲ ಸುಳ್ಳು ಹೇಳಿದ್ದು," ಎಂದಳು. "ಇವರ ಜೊತೆ ಕೂತಿದ್ದು ಮಾತ್ರ ತಪ್ಪು ಅನ್ಸಲ್ಲ ನಂಗೆ." ನಾಚಿಕೆಯಾಗಿತ್ತು. ಆದರೂ ಎದೆಯ ಮೇಲಿಂದ ಬೀಸುವ ಕಲ್ಲು ಇಳಿಸಿದಂತಿತ್ತು.

ಜುಂಜಪ್ಪ ಎದ್ದು ಹೊರಗೆ ಹೋಗಿ ಜಗುಲಿಯ ಮೇಲೆ ಕೂತ. ಬ್ರಾಂದಿ ಬಾಟಲಿ ಕೈಯಲ್ಲೇ ಇತ್ತು.

"ಏಮ್ಮಾ ಅದಿ, ತಾ ಇಲ್ಲಿ," ಎಂದಳು ಪೆದ್ದಮ್ಮ. ಎಲ್ಲರೂ ಮುದುಕಿ ಉಗಿಯುತ್ತಾಳೆ ಅಂದುಕೊಂಡರು. ಅವಳು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ಮುಚ್ಚಳ ತಿರುಪು ಎಂದು ರಾಧಾಮಣಿಗೆ ಕೊಟ್ಟಳು. ಮುದುಕಿ ಬಗ್ಗಿ ಮೂಸಿದಳು. ಅಂಗೈ ಬೋಗುಣಿ ಮಾಡಿ ಒಡ್ಡಿದಳು. ರಾಧಾಮಣಿ ಒಂದಿಷ್ಟು ಹಾಕಿದಳು. ನೆಕ್ಕಿ ಬಾಯಿ ಚಪ್ಪರಿಸಿದಳು ಮುದುಕಿ.

"ನೇರಳೆ ಹಣ್ಣು," ಎಂದಳು. "ಬಾಯಿ ಹಿಡೀತೈತೆ. ಬರೀದೇ ಕುಡೀತಿದ್ರಾ?"

"ಇಲ್ಲ ಅತ್ತೆ. ಬೋಟಿ ಜೊತೆ."

"ಒಂದ್ ಚೂರು ತಾ ಹಂಗಾರೆ."

"ಅತ್ತೇ! ಎಡೆಗೆ ಮುಂಚೆ ತಿಂದ್ರೆ ಎಂಜಲಾಗ್ತದೆ!" ಜಗದಾಂಬ ಹೌಹಾರಿದಳು.

"ಯಾರಿಗ್ ಏನು ಅಂತ ನೋಡ್ದೆ ಇಟ್ಟೇ ಪರ್ವತಯ್ಯಂಗೆ ನಶ್ಯ ಏರ್ಸಿದ್ದು. ನೀ ಸುಮ್ಕಿರೇ."

ರಾಧಾಮಣಿ ಗೊಜ್ಜು ತಂದಳು. ಪೆದ್ದಮ್ಮ ಹಲ್ಲಿಲ್ಲದ ಬಾಯಲ್ಲಿ ಬೋಟಿಯನ್ನು ಆ ಕಡೆ ಈ ಕಡೆ ಹೊರಳಿಸಿ, ಮತ್ತೆ ಅಂಗೈ ಒಡ್ಡಿ ಕುಡಿದಳು. ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ಜಗಿದಳು.

"ಸರಿಯೈತೆ," ಎಂದಳು ಕೊನೆಗೆ. ಅಂಗೈಯನ್ನು ಸೆರಗಿಗೆ ಒರೆಸಿಕೊಂಡಳು. "ನಾನ್ ಸಣ್ಣೋಳಿದ್ದಾಗ ನಮ್ಮೂರ್ ಕಡೆ ಈಚಲು ಮರದಾಗೆ ಕಲ್ಲು, ಅದೇ ಹೆಂಡ, ಇಳಿಸೋರು. ನಮ್ಮಮ್ಮ ನಮ್ಮಪ್ಪನ ಪಕ್ಕದಾಗೇ ಕೂತ್ಕಂಡು ಕುಡಿಯೋಳು. ಸುಟ್ಟ ಕಡ್ಲೆಕಾಯಿ ತಿನ್ಕಂಡು, ನಗ್ಕಂಡು. ಯಾರೂ ಏಮೀ ಅಂದಿದ್ದಿಲ್ಲ." ಮುದುಕಿ ಸಾಲಿನಲ್ಲಿದ್ದ ಗಂಡ ದೊಡ್ಡರಂಗಯ್ಯನ ಫೋಟೋ ಕಡೆ ನೋಡಿದಳು. "ಈ ಮನೆಗ್ ಬಂದ್ ಮ್ಯಾಲೆ ಎಷ್ಟ್ ಜನ ಇದೇ ಜಗಲಿ ಮ್ಯಾಲೆ ಕುಡುದ್ರು. ನಿಂಗೂ ಬೇಕೇನೇ ಅಂತ ಒಬ್ಬ ಗಂಡಸೂ ನನ್ನ ಕೇಳ್ಲಿಲ್ಲ. ನಾ ಕೊಡುಕು ಕೇಳಿದ್ನಲ್ಲ ಹೆಂಡ್ತೀನ."

ಜಗದಾಂಬ ಮುದ್ದೆ ಆರುತ್ತದೆ ಎಂದು ಒಳಗೆ ಹೋದಳು.

ರಾಧಾಮಣಿ ಜಗುಲಿಗೆ ಬಂದಳು. ಜುಂಜಪ್ಪ ಎದುರಿನ ಬೇವಿನ ಮರ ನೋಡುತ್ತ ಕೂತಿದ್ದ. ದೂರದಲ್ಲಿ ಮಧುಗಿರಿಯ ಬೆಟ್ಟ ಮೋಡ ಹೊದ್ದಿತ್ತು.

"ಬಿಟ್ಬುಟ್ಟೆ ಕಣ್ಲಾ ಅಂದ ನಂಗೆ," ಎಂದ ಅವನು, ಅವಳತ್ತ ತಿರುಗದೆ. "ನಾನೂ ಬಿಡಾಕ್ ನೋಡ್ದೆ ಅತ್ಗೆ, ಅಣ್ಣ ಬಿಟ್ಟವ್ನೆ ಅಂತ. ಆಗ್ಲಿಲ್ಲ. ಒಬ್ನೇ ಕುಡುದ್ರೆ ಏನೈತೆ ಅದ್ರಾಗೆ? ಆದ್ರೂ ಕುಡುದೆ. ನೀವಿಬ್ರೂ ಅಲ್ಲಿ ಜೊತೇಗ್ ಕೂತ್ಕಂಡು..." ಅವನು ಬಾಟಲಿಯನ್ನು ಪಕ್ಕಕ್ಕಿಟ್ಟ. "ನನ್ನೂ ಒಂದ್ಸಲ ಕರೀಬೋದಿತ್ತು."

ಅವಳು ಅವನ ಪಕ್ಕ ಕೂತಳು. ಸುಳ್ಳು ಹೇಳಿ ಸಮಾಧಾನ ಮಾಡಬಹುದಿತ್ತು. ಇವತ್ತು ಸುಳ್ಳು ಸಾಕಾಗಿತ್ತು.

"ಕರೀಬೇಕು ಅಂತ ಅವರು ಪ್ರತಿ ಸಲ ಅನ್ನೋರು. ಬ್ಯಾಡ ಅಂದಿದ್ದು ನಾನು," ಎಂದಳು. "ವಾರವೆಲ್ಲ ಬಸ್ಸು, ಜನ, ನೀನು, ಊರು. ನಂಗೆ ಸಿಕ್ತಿದ್ದದ್ದು ಆ ಒಂದ್ ಮಧ್ಯಾಹ್ನ ಜುಂಜಪ್ಪ. ಅದೊಂದ್ ನಂಗಿರ್ಲಿ ಅಂದೆ. ಬೇಜಾರ್ ಮಾಡ್ಕಬ್ಯಾಡ."

ಜುಂಜಪ್ಪ ಮೂಗೊರೆಸಿಕೊಂಡು ಬ್ರಾಂದಿಯ ಮುಚ್ಚಳ ಬಿಗಿ ಮಾಡಿದ. "ಬುಡು ಅತ್ಗೆ. ಅಣ್ಣಂಗೆ ಅದನ್ನೇ ಇಡು. ಇದು ನನ್ ಎಡೇಗಾಯ್ತದೆ."

"ನಿನ್ ಬಾಯಿಗ್ ಮಣ್ಣಾಕ," ಎಂದು ಒಳಗಿನಿಂದ ಕೂಗಿದಳು ಜಗದಾಂಬ. ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಎಡೆ ಬಡಿಸಿದ್ದಾಯಿತು. ಯಾರಿಗೆ ಏನೋ ಅದು, ಪರ್ವತಯ್ಯನಿಗೆ ನಶ್ಯ. ಮುತ್ತುರಾಜನ ಎಲೆಗೆ ಮುದ್ದೆ, ಬೋಟಿ ಗೊಜ್ಜು, ಪಕ್ಕದಲ್ಲಿ ವೈನಿನ ಬಾಟಲಿ, ಗಾಜಿನ ಲೋಟ. ಜುಂಜಪ್ಪ ಧೂಪ ಹಾಕಿದ. ಎಲ್ಲರೂ ಅಡ್ಡಬಿದ್ದರು. ಇನ್ನು ಹೊರಗೆ ಹೋಗಿ ಬಾಗಿಲು ಮುಚ್ಚಬೇಕು. ಹಿರಿಯರು ಬಂದು ಉಣ್ಣುವ ಹೊತ್ತು ಅದು. ಬದುಕಿರುವವರು ಒಳಗಿರಬಾರದು. ಅವರು ಉಂಡಿರಬಹುದು ಅನ್ನಿಸಿದಾಗ ಮನೆಯ ಗಂಡಸು ಬಾಗಿಲು ಬಡಿದು, ಬರ್ತಿದೀವಿ ಎಂದು ಕೂಗಿ ತೆಗೆಯುತ್ತಾನೆ.

ಎಲ್ಲರೂ ಹೊಸಿಲು ದಾಟುತ್ತಿದ್ದರು. ಪೆದ್ದಮ್ಮ ಕಂಬ ಹಿಡಿದು ನಿಂತು ಮಗನ ಎಲೆಯನ್ನೇ ನೋಡುತ್ತಿದ್ದಳು.

"ಒಂದೇ ಲೋಟ ಯಾಕಿಟ್ಟೆ?" ಎಂದಳು.

ರಾಧಾಮಣಿಗೆ ಅರ್ಥವಾಗಲಿಲ್ಲ.

"ಒಬ್ನೇ ಕುಡೀತಿದ್ನಾ ಅವ್ನು?"

"ಇಲ್ಲ ಅತ್ತೆ."

"ಮತ್ತೆ? ಇನ್ನೊಂದ್ ಲೋಟ ತಗಂಬಾ. ಕೂತ್ಕ ಅಲ್ಲಿ."

"ಅತ್ತೆ, ಜೀವ ಇರೋರು ಒಳಗಿರಬಾರ್ದು," ಎಂದಳು ಜಗದಾಂಬ ಹೊಸಿಲಿನಾಚೆಯಿಂದ. ಈಗ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು. "ಮೊದ್ಲನೇ ವರ್ಷ ಹಿಂಗ್ ಮಾಡುದ್ರೆ ಪ್ರತಿ ವರ್ಷ ಮಾಡ್ಬೇಕಾಗ್ತದೆ."

"ಮಾಡ್ಲಿ."

"ದೊಡ್ಡೋರೆಲ್ಲ ಬಂದು ಕೂತ್ಕತಾರೆ. ಸೊಸೆ ಲೋಟ ಹಿಡ್ಕಂಡಿದ್ರೆ ಏನಂತಾರೆ?"

"ಏನಾರ ಅಂದ್ರೆ ನಾನ್ ಹೋಗಿ ಮಾತಾಡ್ತೀನಿ ಬುಡು. ನಾನೇನ್ ಇನ್ನಾ ಬಾಳ ದಿನ ಇಲ್ಲೇ ಕೂತಿರ್ತೀನಾ?" ಎಂದು ಮುದುಕಿ, ಇನ್ನೊಂದು ಲೋಟ ಹಿಡಿದು ಬಂದ ಸೊಸೆಯ ತೋಳು ಹಿಡಿದು ಮಗನ ಎಲೆಯ ಮುಂದೆ ಕೂರಿಸಿದಳು. ಆಮೇಲೆ ಗೋಡೆ ಹಿಡಿದುಕೊಂಡು ಹೊರಗೆ ಹೋಗಿ, ತಾನೇ ಬಾಗಿಲೆಳೆದಳು.

ಒಳಗೆ ದೀಪದ ಬೆಳಕು, ಧೂಪದ ಹೊಗೆ. ರಾಧಾಮಣಿಗೆ ಮೊದಲು ನಾಚಿಕೆಯೇ ಆಯಿತು. ಮಾವನ ಫೋಟೋ ಕಡೆ ನೋಡಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಆಮೇಲೆ ಮುತ್ತುರಾಜನ ಲೋಟಕ್ಕೆ ಹಾಕಿದಳು, ತನ್ನದಕ್ಕೆ ಹಾಕಿಕೊಂಡಳು. ಭಾನುವಾರಗಳ ಹಾಗೆ ಚಕ್ಕಳಮಕ್ಕಳ ಹಾಕಿ ಕೂತು ಒಂದು ಗುಟುಕು ಕುಡಿದಳು. ಒಗರು. ಹಿಂದೆ ತಂದವುಗಳಿಗಿಂತ ಒಂದು ಕೈ ಹೆಚ್ಚೇ.

"ಬೋಟಿಗ್ ಉಪ್ಪು ಸಾಕೇನ್ರಿ?" ಎಂದು ಕೇಳಿದಳು.

ಆ ಪ್ರಶ್ನೆಗೆ ಅವನು ಯಾವತ್ತೂ ತಡಮಾಡಿದವನಲ್ಲ. ಸಾಕು, ಇಲ್ಲ, ಒಂಚೂರು ಹುಳಿ ಹಿಂಡು, ಏನಾದರೊಂದು ಅನ್ನುತ್ತಿದ್ದ. ಅವಳು ಕಾದಳು. ಅವನ ಲೋಟ ತುಂಬಿದ್ದು ತುಂಬಿದಂತೆಯೇ ಇತ್ತು. ಒಂದು ವರ್ಷದಿಂದ ಜನರ ಮುಂದೆ ಅತ್ತದ್ದೆಲ್ಲ ಅಳುವೇ ಅಲ್ಲ ಅನ್ನುವ ಹಾಗೆ ಅವಳು ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು.

ಹೊರಗೆ ಜುಂಜಪ್ಪನ ಹೆಜ್ಜೆ ಬಾಗಿಲ ಹತ್ತಿರ ಬಂತು. ಅವನು ಕೆಮ್ಮಿದ. ಬಡಿಯಲು ಕೈ ಎತ್ತಿದನೋ ಏನೋ, ಪೆದ್ದಮ್ಮನ ದನಿ ಕೇಳಿಸಿತು.

"ಇರ್ಲಾ. ಇನ್ನಾ ಉಣ್ತಾವ್ರೆ."

ರಾಧಾಮಣಿ ಮುಖ ಒರೆಸಿಕೊಂಡು, ಸೌಟು ತೆಗೆದುಕೊಂಡು, ಅವನ ಎಲೆಗೆ ಇನ್ನೊಂದಿಷ್ಟು ಗೊಜ್ಜು ಬಡಿಸಿದಳು.